ಮೂರು ತಾಲೂಕು ಸುತ್ತಿದ ರವಿಕೆ ಕಣ

ಹಳೇ ಬಟ್ಟೆಗೆ ಕೈ ಹಾಕಿದವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಹೊಸ ಬಟ್ಟೆ ಅಂಗಡಿಯಿಂದ ಬಂದು, ಹೇಳಿದ ಹಾಗೆ ಕೇಳಿ, ಹೊಲಿಸಿಕೊಂಡು ಹೋಗುತ್ತದೆ. ಹಳೆಯದು ಹಾಗಲ್ಲ, ಅದಕ್ಕೆ ನೆಂಟರಿಷ್ಟರು ಜಾಸ್ತಿ. ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರಲ್ಲ, ನನಗೆ ಅಜ್ಜಿಯಾಗುವ ಮೊದಲೇ ಅದು ಹಿಡಿಯಿತು.

ನಾನು ರಿಪ್ಪನ್‌ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ನನ್ನ ಜೊತೆ ಸೇರಿದವಳು ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ನನಗಿಂತ ಚಿಕ್ಕವಳಾದರೂ ಊರವರಂತೆ ನಾನೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದೆ. ಶಾಲೆಯಲ್ಲಿ ಹೊಲಿಗೆ ಪಾಠ ನಿಂತುಹೋಯಿತು. ಶಿವಮೊಗ್ಗದ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಬಾ ಎಂದು ಅವಳಿಗೆ ಕರೆ ಬಂತು. ಅಷ್ಟರಲ್ಲಿ ಸಾಗರದಲ್ಲಿ ಮಹಿಳಾ ಸಂಘದವರು ವಸ್ತುಪ್ರದರ್ಶನ ಮಾಡುತ್ತಾರೆಂಬ ಸುದ್ದಿಯೂ ಬಂತು. ಹಳೇ ಬಟ್ಟೆಗಳಿಂದಲೇ ಹೊಸ ನಮೂನೆಯ ಉಡುಪು ಹೊಲಿದು ಅಲ್ಲಿ ಇಡೋಣ, ಜನ ಕೊಂಡರೆ ಸಾಗರದಲ್ಲಿ ಇಬ್ಬರೂ ಸೇರಿ ಅಂಗಡಿ ತೆರೆಯೋಣ, ಇಲ್ಲವಾದರೆ ತಾನು ಮನೆ ಬದಲಿಸಿಕೊಂಡು ಶಿವಮೊಗ್ಗಕ್ಕೆ ಹೋಗುವುದು ಎಂದು ಟೀಚರ್ ನಿರ್ಧಾರ ಮಾಡಿದಳು.

ನನಗೆ ಅಂಗಡಿಗಿಂತ ಅವಳು ಹೋಗಬಾರದು ಅನ್ನುವುದೇ ದೊಡ್ಡದಾಗಿತ್ತು. ಅಷ್ಟು ವರ್ಷ ಒಬ್ಬಳೇ ಕೂತು ತುಳಿದವಳಿಗೆ, ಎದುರಿಗೆ ಇನ್ನೊಂದು ಮಷಿನ್ ಓಡುವ ಸದ್ದು ಎಷ್ಟು ಹಿತ ಎಂದು ಗೊತ್ತಾದದ್ದೇ ಆಗ.

ಕೇಳಿದ್ದೊಂದು, ಕೊಟ್ಟಿದ್ದೊಂದು

ಮೊದಲು ಬಟ್ಟೆ ಕೂಡಿಸಬೇಕಲ್ಲ, ಹೊಸನಗರದ ಕಡೆ ಮನೆಮನೆಗೆ ಹೋದೆವು. ನಮ್ಮ ಕಡೆ ಯಾವ ಬಟ್ಟೆಯೂ ಹಳತಾಗುವುದೇ ಇಲ್ಲ ಎಂದು ಅವತ್ತು ತಿಳಿಯಿತು. ಸೀರೆ ಹರಿದರೆ ಹಾಸಿಗೆಗೆ ಹೋಗುತ್ತದೆ, ಅಲ್ಲಿಂದ ತೊಟ್ಟಿಲಿಗೆ, ಅಲ್ಲಿಂದ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಒಬ್ಬಾಕೆ ಟ್ರಂಕಿನಿಂದ ಒಂದು ಸೀರೆ ತೆಗೆದು, ಅದನ್ನು ಉಟ್ಟ ಸಂದರ್ಭಗಳನ್ನೆಲ್ಲ ಹೇಳಿ, ಕಣ್ಣೊರೆಸಿಕೊಂಡು, ಮತ್ತೆ ಟ್ರಂಕಿನಲ್ಲಿಟ್ಟರು. ನೋಡಿದ್ದಷ್ಟೇ ನಮಗೆ ಲಾಭ.

ಹಾಗೆಂದು ಬರಿಗೈಲಿ ಕಳಿಸಿದವರು ಒಬ್ಬರೂ ಇಲ್ಲ. ಬಂದ ಮುತ್ತೈದೆಯರನ್ನು ಅರಿಶಿನ ಕುಂಕುಮದ ಜೊತೆ ಒಂದು ರವಿಕೆ ಕಣ ಕೊಡದೆ ಕಳಿಸುವುದುಂಟೇ? ಹಳೇ ಬಟ್ಟೆ ಬೇಡಲು ಹೋದವರು ಹೊಸ ಕಣಗಳ ಗಂಟು ಹೊತ್ತು ಬಂದೆವು.

ಮನೆಗೆ ಬಂದು ಗಂಟು ಬಿಚ್ಚಿದರೆ ಒಂದೂ ಹೊಸದಲ್ಲ. ಮಡಿಕೆ ಬಿದ್ದಲ್ಲಿ ಬಣ್ಣ ಮಾಸಿತ್ತು, ಅಂಚಿನಲ್ಲಿ ಯಾವ್ಯಾವುದೋ ಮನೆಯ ಅರಿಶಿನದ ಕಲೆ. ರವಿಕೆ ಕಣವನ್ನು ಹೊಲಿಸುವವರು ಯಾರು? ಗೃಹಪ್ರವೇಶದಲ್ಲಿ ಬಂದದ್ದು ಸೀಮಂತಕ್ಕೆ, ಸೀಮಂತದ್ದು ನಾಮಕರಣಕ್ಕೆ, ಹೀಗೆ ಮೂರು ತಾಲೂಕು ಸುತ್ತುತ್ತಲೇ ಇರುತ್ತದೆ.

ಟೀಚರ್ ಒಂದು ಕಣವನ್ನು ಮಡಿಲಲ್ಲಿ ಹರಡಿಕೊಂಡು, "ಅಕ್ಕಾ, ಇದಕ್ಕಿಂತ ಹಳೇ ಬಟ್ಟೆ ಇನ್ನೆಲ್ಲಿ ಸಿಗ್ತದೆ? ಪಾಪ, ಒಂದ್ಸಲನೂ ಯಾರ ಮೈ ಮೇಲೂ ಹತ್ತಿಲ್ಲ," ಎಂದಳು. ನನಗೂ ಹುರುಪು ಬಂತು. ನನ್ನ ಬೀರುವಿನ ಗಂಟನ್ನೂ ತಂದು ಸುರಿದೆ. ಊರಿಗೆಲ್ಲ ರವಿಕೆ ಹೊಲಿದುಕೊಟ್ಟವಳು ಅದರಲ್ಲಿ ಒಂದನ್ನೂ ಹೊಲಿದುಕೊಂಡಿರಲಿಲ್ಲ.

ಹೊನಗೊನೆ ಸೊಪ್ಪು

ಹೊಲಿಯಲು ಕೂತಾಗ ನಮ್ಮಿಬ್ಬರ ಜಗಳ ಶುರು. ಜೋಡಿಸಿದ್ದು ಕಾಣಬೇಕು, ಅದೇ ಅಂದ ಎಂದು ಅವಳ ವಾದ. ಜೋಡಿಸಿದ್ದು ಕಂಡರೆ ಅದು ಹೊಲಿಗೆಯೇ ಅಲ್ಲ ಎಂದು ನನ್ನದು. ನಾನು ಜೋಡನ್ನು ಮುಚ್ಚಿ ಹೊಲಿಯುವುದು, ಅವಳು ಬಿಚ್ಚುವುದು. ಕೊನೆಗೆ ನಾನೇ ಸೋತು, ಹಸಿರು ಕಣಕ್ಕೆ ಕೇಸರಿ ತೇಪೆ, ತೇಪೆಯ ಸುತ್ತ ಬೇಕೆಂದೇ ವಾರೆಯಾಗಿ ಬಿಳಿ ದಾರದ ಹೊಲಿಗೆ ಹಾಕಿ ಒಂದು ಜಾಕೆಟ್ ಮುಗಿಸಿ ಬಾಗಿಲ ಬಳಿ ತೂಗುಹಾಕಿದೆ.

ನಮ್ಮ ಪಕ್ಕದ ಮನೆಯಾಕೆ ಬಂದರು. ಕೇಳದೆ ಸಹಾಯ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು, ನನ್ನ ಮುಖ ನೋಡಿದರು, ವಾರೆ ಹೊಲಿಗೆಯ ಮೇಲೊಮ್ಮೆ ಬೆರಳಾಡಿಸಿ ಹೋದರು. ಮರುದಿನ ಬೆಳಿಗ್ಗೆ ಒಂದು ಬುಟ್ಟಿ ಹೊನಗೊನೆ ಸೊಪ್ಪು ತಂದಿಟ್ಟು, ದಿನಾ ಪಲ್ಯ ಮಾಡಿ ತಿನ್ನು, ಕಣ್ಣಿಗೆ ಒಳ್ಳೇದು ಎಂದರು. ಸಂಜೆಯೊಳಗೆ ಪೇಟೆಯಲ್ಲೆಲ್ಲ ನನ್ನ ಕಣ್ಣು ಹೋದ ಸುದ್ದಿ. ರವಿಕೆ ಹೊಲಿಯಲು ಕೊಟ್ಟಿದ್ದ ಇಬ್ಬರು ಬಂದು, ಅವಸರವಿಲ್ಲ, ಮೊದಲು ಆಪರೇಷನ್ ಆಗಲಿ ಎಂದು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ನಾನೂ ಟೀಚರೂ ಆ ವಾರವೆಲ್ಲ ಸೊಪ್ಪಿನ ಪಲ್ಯ ತಿಂದೆವು.

ಬಸ್ಸಿನ ಪರದೆ

ತೀರ್ಥಹಳ್ಳಿಯಲ್ಲಿ ಒಬ್ಬ ಬಸ್ಸಿನ ಮಾಲೀಕರು ಹಳೇ ಕಿಟಕಿ ಪರದೆಗಳನ್ನು ಬಿಸಾಡುತ್ತಿದ್ದರು. ನೀಲಿ ಬಟ್ಟೆ, ಅಂಚಿಗೆ ಚಿನ್ನದ ಬಣ್ಣದ ಎಳೆ. ಟೀಚರ್ ಅದನ್ನು ತಂದು ಒಗೆದು, ಅದರಲ್ಲೊಂದು ಚೂಡಿದಾರ್, ಉದ್ದನೆಯ ದುಪಟ್ಟಾ ಹೊಲಿದಳು. ಜನ ಏನನ್ನುತ್ತಾರೆ ನೋಡೋಣ ಎಂದು ಅದನ್ನೇ ಹಾಕಿಕೊಂಡು ನನ್ನಲ್ಲಿಗೆ ಹೊರಟಳು. ಹತ್ತಿದ್ದು ಅದೇ ಮಾಲೀಕರ ಬಸ್ಸು. ಹೊಸ ಪರದೆ ಇನ್ನೂ ಬಂದಿರಲಿಲ್ಲ.

ಕಿಟಕಿ ಪಕ್ಕ ಕೂತವಳಿಗೆ ಗಾಳಿಗೆ ತೂಕಡಿಕೆ ಬಂತಂತೆ. ದುಪಟ್ಟಾ ಹೆಗಲಿನಿಂದ ಹಿಂದಿನ ಸೀಟಿಗೆ ಇಳಿದಿದೆ. ಅಲ್ಲಿದ್ದ ಅಜ್ಜಿಗೆ ಮುಖದ ಮೇಲೆ ಬಿಸಿಲು. ನೀಲಿ ಬಟ್ಟೆ, ಚಿನ್ನದ ಅಂಚು ಕಂಡ ಅಜ್ಜಿ ನಿಶ್ಚಿಂತೆಯಿಂದ ಅದನ್ನು ಎಳೆದು ಕಿಟಕಿಯ ಸರಳಿಗೆ ಬಿಗಿಯಾಗಿ ಗಂಟು ಹಾಕಿ ನಿದ್ದೆ ಹೋದರು. ರಿಪ್ಪನ್‌ಪೇಟೆಯಲ್ಲಿ ಏಳಲು ಹೋದ ಟೀಚರ್ ಎದ್ದಷ್ಟೇ ಬೇಗ ಕೂತಳು. ಗಂಟು ಬಿಚ್ಚುವವರೆಗೆ ಬಸ್ಸು ನಿಂತಿತ್ತು. ಎಚ್ಚರಾದ ಅಜ್ಜಿ ಕಂಡಕ್ಟರಿಗೆ ದೂರು ಕೊಟ್ಟರಂತೆ, ನೋಡೀ, ಈ ಹೆಂಗಸು ನಿಮ್ಮ ಪರದೆ ಕಿತ್ಕೊಂಡು ಹೋಗ್ತಿದಾಳೆ ಅಂತ.

ಇದನ್ನು ಹೇಳುತ್ತಾ ಅವಳು ನನ್ನ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ನಕ್ಕದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಆ ಮೇಜಿನ ಹತ್ತಿರ ಅಷ್ಟು ನಗು ಬಂದಿಲ್ಲ.

ಬಟ್ಟೆಗೊಂದು ಕಥೆ

ಸಾಗರದ ಪ್ರದರ್ಶನ ಒಂದು ಕಲ್ಯಾಣಮಂಟಪದಲ್ಲಿ. ಕಣಗಳ ಕುರ್ತಾ, ಜಾಕೆಟ್, ಲಂಗ ಎಲ್ಲ ತೂಗುಹಾಕಿದಾಗ ನಮಗೇ ನಂಬಲಾಗಲಿಲ್ಲ, ಅಷ್ಟು ಚೆಂದ. ಜನ ಮುತ್ತಿಕೊಂಡರು. ಪಕ್ಕದ ಮನೆಯಾಕೆ ಎಂದಿನಂತೆ ಕರೆಯದೆ ಸಹಾಯಕ್ಕೆ ಬಂದಿದ್ದರು. ಬಂದವರಿಗೆ ಬಟ್ಟೆಯ ಕಥೆ ಹೇಳಬೇಕು, ಕಥೆ ಇದ್ದರೆ ಜನ ಕೊಳ್ಳುತ್ತಾರೆ ಎಂದು ಟೀಚರ್ ಅವರಿಗೆ ಹೇಳಿಕೊಟ್ಟಳು. ನಾವು ಕೆಟ್ಟದ್ದು ಅಲ್ಲೇ.

ಮೂರು ತಾಲೂಕಿನ ಯಾವ ಸಮಾರಂಭವನ್ನೂ ತಪ್ಪಿಸದವರು ಅವರು. ಗಿಳಿಹಸಿರು ಕುರ್ತಾ ಹಿಡಿದು, ಇದು ಆನಂದಪುರದ ಗೃಹಪ್ರವೇಶದಲ್ಲಿ ಕೋಣಂದೂರಿನ ಅತ್ತಿಗೆಗೆ ಕೊಟ್ಟ ಕಣ, ಅವರು ಅದನ್ನು ಹೊಸನಗರದ ಸೀಮಂತಕ್ಕೆ ದಾಟಿಸಿದರು ಎಂದು ಶುರುಮಾಡಿದರು. ಆನಂದಪುರದವರೂ ಅಲ್ಲಿದ್ದರು, ಅತ್ತಿಗೆಯೂ ಅಲ್ಲಿದ್ದರು. ಹೊಲಿಸಿ ಹಾಕ್ಕೊಂಡೆ, ಬಹಳ ಚೆನ್ನಾಗಿತ್ತು ಅಂದಿದ್ರಲ್ಲ ಎಂದು ಆನಂದಪುರದವರು, ನೀವು ಕೊಟ್ಟಿದ್ದರ ಮೇಲೆ ನಿಮ್ಮ ನಾದಿನಿ ಮನೆ ಕುಂಕುಮ ಇತ್ತಲ್ಲ ಎಂದು ಅತ್ತಿಗೆ. ಉದ್ಘಾಟನೆಗೆ ಬಂದಿದ್ದ ಸಂಘದ ಅಧ್ಯಕ್ಷೆಯವರು ಜಾಕೆಟ್ಟಿನ ಬೆನ್ನಲ್ಲಿ ತಾವು ಕೊಟ್ಟದ್ದನ್ನೂ ತೋಳಲ್ಲಿ ತಮಗೆ ಬಂದು ತಾವು ಸಾಗಹಾಕಿದ್ದನ್ನೂ ಗುರುತಿಸಿ, ಬೇರೆ ಸ್ಟಾಲಿನ ಉಪ್ಪಿನಕಾಯಿ ನೋಡಲು ಹೋದರು.

ನಾನು ಒಬ್ಬರ ಕೈಗೆ ಲಂಗ ಕೊಟ್ಟು, ಜಗಳ ಬಿಡಿ, ನಿಮಗೊಪ್ಪುತ್ತೆ ತಗೊಳ್ಳಿ ಎಂದೆ.

"ಎಂತ ಹೇಳ್ತೀಯೇ? ಕೊಟ್ಟಿದ್ದನ್ನ ವಾಪಸ್ ತಗೋಬಾರ್ದು. ಸುತ್ತಾಡಿ ಅದಾಗೇ ಬಂದ್ರೆ ಬೇರೆ ಮಾತು. ದುಡ್ಡು ಕೊಟ್ಟು ತಗೊಂಡ್ರೆ ಕೊಟ್ಟ ಪುಣ್ಯ ಎಲ್ಲಿಗೆ ಹೋಯ್ತು?" ಎಂದರು ಅವರು.

ಉಳಿದವರೂ ಹೌದೆಂದರು. ಒಂದೊಂದು ಉಡುಪಿನಲ್ಲಿ ಎಷ್ಟೋ ಮನೆಯ ಕಣ. ಅಲ್ಲಿದ್ದವರಲ್ಲಿ ಅದನ್ನು ಒಮ್ಮೆಯಾದರೂ ಕೊಡದವರು ಯಾರಿದ್ದಾರೆ? ನೋಡಿ ಹೊಗಳಿ, ಜಗಳವಾಡಿ, ಒಂದೂ ಕೊಳ್ಳದೆ ಹೋದರು. ಸಂಜೆ ಎಲ್ಲ ಮಡಿಚಿ ತುಂಬುವಾಗ ಟೀಚರ್, ನಮ್ಮ ಗಿರಾಕಿಗಳೆಲ್ಲ ಈ ಕಣ ಸುತ್ತದ ಊರಲ್ಲೇ ಸಿಗಬೇಕು ಅಕ್ಕಾ ಎಂದು ತಮಾಷೆ ಮಾಡಿದಳು. ನನಗೆ ಅಳು ಬಂತು. ಅವಳು ಶಿವಮೊಗ್ಗಕ್ಕೆ ಫೋನ್ ಮಾಡಿ ಬರುತ್ತೇನೆ ಎಂದದ್ದು ಅಲ್ಲಿಂದಲೇ.

ಬೀಳ್ಕೊಟ್ಟದ್ದು

ಹೋಗುವ ಮುಂಚೆ ಹೇಳಿ ಹೋಗಲು ಬಂದಳು. ಕಾಫಿಯಾಯಿತು. ಸಾಮಾನೆಲ್ಲ ಲಾರಿಗೆ ಹಾಕಿ ಕಳಿಸಿದ್ದಾಯಿತು, ಇನ್ನು ತಾನು ಬಸ್ಸು ಹಿಡಿಯುವುದಷ್ಟೇ ಎಂದಳು. ನಾನು ಕುಂಕುಮದ ತಟ್ಟೆ ತಂದು, ಕಣ ತೆಗೆಯಲು ಬೀರು ಬಾಗಿಲು ತೆಗೆದರೆ ಒಳಗೆ ಒಂದೂ ಇಲ್ಲ. ಎಲ್ಲವನ್ನೂ ನಾವೇ ಕತ್ತರಿಸಿ ಹಾಕಿದ್ದೆವು. ಮೂರು ತಾಲೂಕಿನಲ್ಲಿ ರವಿಕೆ ಕಣವಿಲ್ಲದ ಮನೆ ಅಂತ ಇದ್ದರೆ ಅವತ್ತು ನನ್ನದೇ.

ಇಲ್ಲ ಎಂದು ಹೇಳಿದೆ. ಅವಳು ನನ್ನನ್ನೇ ನೋಡಿದಳು. ಎತ್ತಿಕೊಂಡಿದ್ದ ಬ್ಯಾಗನ್ನು ಕೆಳಗಿಟ್ಟಳು.

"ಹುಡುಕಿ ಅಕ್ಕಾ. ಸಿಗೋವರೆಗೂ ಕೂತಿರ್ತೀನಿ. ಬರಿಗೈಲಿ ಹೋಗ್ಬಾರ್ದಲ್ಲ."

ಇಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಹುಡುಕಿದೆ. ಬೀರು ಆಯಿತು, ಟ್ರಂಕು ಆಯಿತು, ಅಕ್ಕಿ ಡಬ್ಬದ ಹಿಂದೆ ಆಯಿತು. ಅವಳು ತನ್ನ ಮಷಿನ್ ಇದ್ದ ಜಾಗದಲ್ಲಿ ಕೂತು, ಅಲ್ಲಿ ನೋಡಿದ್ರಾ, ಇಲ್ಲಿ ನೋಡಿದ್ರಾ ಎಂದು ಕೇಳುತ್ತಿದ್ದಳು. ಹೊರಗೆ ಶಿವಮೊಗ್ಗದ ಬಸ್ಸು ಹಾರ್ನ್ ಹೊಡೆದು ಹೋಯಿತು. ಇಬ್ಬರೂ ಕೇಳಿಸದವರ ಹಾಗಿದ್ದೆವು. ಮತ್ತೆ ಕಾಫಿ ಇಟ್ಟೆ. ಇನ್ನೊಂದು ಬಸ್ಸೂ ಹೋಯಿತು. ಆ ಸಂಜೆಯಷ್ಟು ಸುಖವಾಗಿ ನಾನು ಯಾವತ್ತೂ ಏನನ್ನೂ ಹುಡುಕಿಲ್ಲ.

ಪಕ್ಕದ ಮನೆಯಾಕೆಗೆ ನಮ್ಮ ಮಾತು ಕೇಳಿಸಿತೋ ಏನೋ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಕೈಯಲ್ಲೊಂದು ಕಣ. ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀರಿ, ನನ್ನ ಹತ್ರ ಬೇಕಾದಷ್ಟಿದೆ ಎಂದು ತಟ್ಟೆಯಲ್ಲಿಟ್ಟರು.

ಇನ್ನು ಹುಡುಕಲು ಏನೂ ಉಳಿಯಲಿಲ್ಲ. ಕುಂಕುಮ ಹಚ್ಚಿ ಕಣ ಕೊಟ್ಟೆ. ಟೀಚರ್ ಅದನ್ನು ಕಣ್ಣಿಗೊತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡಳು, ನನ್ನ ಕೈ ಒಂದು ಸಲ ಹಿಡಿದು ಬಿಟ್ಟಳು, ಬಂದ ಬಸ್ಸು ಹತ್ತಿದಳು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಪಕ್ಕದ ಮನೆಯಾಕೆ ನನ್ನ ಕಡೆ ತಿರುಗಿ ತೃಪ್ತಿಯಿಂದ ಹೇಳಿದರು:

"ನೋಡು, ನಾನು ಬರ್ದೇ ಇದ್ದಿದ್ರೆ ಅವಳು ಹೋಗ್ತಾನೇ ಇರ್ಲಿಲ್ಲ."