ಪ್ರತಿಜ್ಞೆ ಬೋಧಿಸಿದವನ ಸ್ಕೂಟರ್ ಕೀ

ಕಾಲೇಜಿನಲ್ಲಿ ಯಾವ ಕೆಲಸ ಆಗಬಾರದೆಂದು ಒಳಗೊಳಗೇ ಎಲ್ಲರೂ ಬಯಸುತ್ತಾರೋ ಆ ಕೆಲಸಕ್ಕೊಂದು ಸಮಿತಿ ರಚನೆಯಾಗುತ್ತದೆ. ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಾನು ಕಲಿತದ್ದು ಇಷ್ಟು. ಮೊನ್ನೆ ಜುಲೈನಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಬಿಯರ್ ಕುಡಿದು ಸೈಕಲ್ ಏರಿ, ಬೋಗಾದಿಯ ಹೊಸ ಬಡಾವಣೆಯಲ್ಲಿ ಪೈಪಿಗೆಂದು ತೋಡಿದ್ದ ಗುಂಡಿಗೆ ಬಿದ್ದು ಭುಜದ ಮೂಳೆ ಮುರಿದುಕೊಂಡ. ಆಸ್ಪತ್ರೆಗೆ ನೋಡಲು ಹೋದರೆ, "ಕುಡ್ದು ಬೈಕ್ ಓಡಿಸ್ಬಾರ್ದು ಅಂತಾನೇ ಸೈಕಲ್ ತಗೊಂಡೆ ಸಾರ್" ಎಂದ, ಬೆನ್ನು ತಟ್ಟಿಸಿಕೊಳ್ಳಲು ಕಾದವನ ಹಾಗೆ. ಇಂಥ ವಿವೇಕಿಗಳಿಗೆ ನಾವು ಪದವಿ ಕೊಡುತ್ತಿದ್ದೇವೆ. ಪ್ರಾಂಶುಪಾಲರು ಕೂಡಲೇ ಸಮಿತಿ ಮಾಡಿ ನನ್ನನ್ನು ಸಂಚಾಲಕನನ್ನಾಗಿಸಿದರು. ನಾನು ಕುಡಿಯುವುದಿಲ್ಲ ಎಂಬುದೊಂದೇ ನನಗಿದ್ದ ಅರ್ಹತೆ.

ನಾನೇನು ಕಡಿಮೆಯೇ? ಫ್ಲೆಕ್ಸ್ ಬರೆಸಿದೆ. ಪ್ರಾಸವಿರುವ ಘೋಷಣೆ ಹೊಸೆದೆ. ಸಭಾಂಗಣದಲ್ಲಿ ಎಲ್ಲರ ಕೈ ಚಾಚಿಸಿ, ಅಮಲಿನಲ್ಲಿ ಯಾವ ವಾಹನವನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಬೋಧಿಸಿದೆ. ಅರ್ಧ ಜನ ಒಂದು ಕೈ ಚಾಚಿ ಇನ್ನೊಂದರಲ್ಲಿ ಮೊಬೈಲ್ ಉಜ್ಜುತ್ತಿದ್ದರು. ಆಗ ಎರಡನೇ ವರ್ಷದ ಮೇಘನಾ ಎದ್ದು ನಿಂತಳು. "ಇದನ್ನ ಸಂಜೆಗೇ ಮರ್ತ್‌ಬುಡ್ತಾರೆ ಸಾರ್. ಪಾರ್ಟಿಗೆ ಹೋಗೋ ಗುಂಪಲ್ಲಿ ಒಬ್ರು ಕುಡೀದೇ ಇದ್ದು, ಬಾಗಿಲಲ್ಲೇ ಎಲ್ಲರ ಕೀ ಇಸ್ಕೋಬೇಕು. ಬೈಕ್‌ದೂ, ಸೈಕಲ್‌ದೂ. ನಾನು ಬೇಕಾದ್ರೆ ಗೆಳತೀರನ್ನ ಸೇರಿಸ್ತೀನಿ."

"ಕೂತ್ಕೊಳಮ್ಮ, ಇದು ಜಾಗೃತಿ ಕಾರ್ಯಕ್ರಮ, ಸೈಕಲ್ ಸ್ಟ್ಯಾಂಡ್ ಅಲ್ಲ" ಎಂದೆ. ಸಭೆ ನಕ್ಕಿತು. ನಾನೂ ನಕ್ಕೆ. ಅವಳು ನಗದೆ ಕೂತಳು.

ಮುಂದಿನ ಭಾನುವಾರ ಶ್ರೀರಾಂಪುರದಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ನನಗೆ ವಿಪರೀತ ನೆಗಡಿ. ಒಂದು ಮಾತ್ರೆ ಸಾಕೆಂದು ಔಷಧಿ ಅಂಗಡಿಯವನು ಹೇಳಿದ್ದ. ರಸಾಯನಶಾಸ್ತ್ರ ಓದಿದವನು ನಾನೋ ಅವನೋ ಎಂದು ಎರಡು ನುಂಗಿ, ಮೇಲೆ ಒಂದು ಮುಚ್ಚಳ ಸಿರಪ್ಪನ್ನೂ ಕುಡಿದಿದ್ದೆ. ಹೋಳಿಗೆ ಊಟ ಮುಗಿಸಿ ಸ್ಕೂಟರ್ ಏರಿದ್ದು ನೆನಪಿದೆ. ಎರಡನೇ ತಿರುವು ನೆನಪಿಲ್ಲ. ಕಣ್ಣು ಬಿಟ್ಟಾಗ ಮುಂದಿನ ಚಕ್ರ ಜಲ್ಲಿ ರಾಶಿಯ ಮೇಲೇರಿ ನಿಂತಿತ್ತು. ಒಂದು ಮಾರು ದೂರದಲ್ಲಿ, ಮಗುವನ್ನು ಎದೆಗೆ ಅವುಚಿಕೊಂಡ ಹೆಂಗಸೊಬ್ಬಳು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಅವಳು ಬೈಯಲಿಲ್ಲ. ಬೈಯುವಷ್ಟು ಉಸಿರು ಅವಳಲ್ಲಿರಲಿಲ್ಲ. ಮಗು ಮಾತ್ರ ನನ್ನನ್ನೇ ನೋಡುತ್ತಿತ್ತು.

ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಘನಾ ಸದ್ದು ಕೇಳಿ ಇಳಿದು ಬಂದಳು. ಮೊದಲು ಆ ತಾಯಿಯನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಾನು ಕುಡಿದಿಲ್ಲ ಕಣಮ್ಮ. ನೆಗಡಿ ಮಾತ್ರೆ ಅಷ್ಟೆ. ಈಗ ಚೆನ್ನಾಗೇ ಇದ್ದೀನಿ."

"ಸೈಕಲ್‌ನಿಂದ ಬಿದ್ದೋನೂ ಅಂಗೇ ಅಂದಿದ್ದ ಸಾರ್. ಕೀ ಕೊಡಿ."

ಕೊಟ್ಟೆ. ಸಿದ್ಧಾರ್ಥನಗರದ ನನ್ನ ಮನೆಯವರೆಗೂ ಅವಳೇ ಸ್ಕೂಟರ್ ಓಡಿಸಿದಳು. ನಾನು ಹಿಂದೆ ಕೂತು ತೂಕಡಿಸಿದೆ. ಪ್ರತಿ ಸಿಗ್ನಲ್ಲಿನಲ್ಲೂ "ಸಾರ್, ಹಿಡ್ಕೊಳಿ" ಎಂದು ಎಬ್ಬಿಸಿದಳು. ಬಾಗಿಲು ತೆರೆದ ಹೆಂಡತಿ ನನ್ನ ಕಣ್ಣು ನೋಡಿ, "ಈ ವಯಸ್ಸಲ್ಲಿ ಇದೂ ಕಲ್ತ್ರಾ?" ಎಂದಳು. ಮಾತ್ರೆಯ ಹಾಳೆ ತೋರಿಸಿದರೂ ಅವಳ ಅನುಮಾನ ಪೂರ್ತಿ ಹೋಗಿಲ್ಲ.

ಮೇಘನಾ ಯಾರಿಗೂ ಹೇಳಲಿಲ್ಲ. ಅವಳ ಗೆಳತಿಯರ ಗುಂಪು ಈಗ ಹನ್ನೊಂದಕ್ಕೆ ಬೆಳೆದು, ಕೀ ಇಸಿದುಕೊಳ್ಳುತ್ತಾ ನಡೆದಿದೆ. ಸಮಿತಿಯ ಹೆಸರನ್ನೂ ಅವರು ಬಳಸುವುದಿಲ್ಲ. ತಿಂಗಳ ಕೊನೆಗೆ ನಾನು ವರದಿ ಸಲ್ಲಿಸಬೇಕಾಯಿತು. 'ಸಮಿತಿಯ ಪ್ರಭಾವದಿಂದ ವಾಹನ ಚಲಾಯಿಸದಂತೆ ತಡೆಯಲ್ಪಟ್ಟವರು' ಎಂಬಲ್ಲಿ, ಬಹಳ ಯೋಚಿಸಿ, 'ಒಬ್ಬರು' ಎಂದು ಬರೆದೆ. ಪ್ರಾಂಶುಪಾಲರು ಹಿಗ್ಗಿದರು.

"ಭೇಷ್ ಕಣ್ರೀ. ಯಾರವ್ನು, ಯಾವ ಕ್ಲಾಸು?"

"ಹೆಸರು ಬೇಡ ಸಾರ್," ಎಂದೆ ನಾನು ಗಂಭೀರವಾಗಿ. "ಹುಡುಗನ ಭವಿಷ್ಯದ ಪ್ರಶ್ನೆ."