ಅಂಡರ್‌ಪಾಸಿನ ನೀರು ಯಾವ ಸರ್ಕಾರದ್ದು

ಮಾಲೂರು ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ರಸ್ತೆಗಳ ಕಡತ ನೋಡುವ ಗುಮಾಸ್ತ ನಾನು. ರಾಜ್ಯದ ಅಧಿಕಾರ ಯಾವುದು, ಕೇಂದ್ರದ್ದು ಯಾವುದು ಎಂದು ದೊಡ್ಡವರು ದೊಡ್ಡ ಪುಸ್ತಕದಲ್ಲಿ ಬರೆದಿಟ್ಟಿದ್ದಾರಂತೆ. ಅದನ್ನು ಓದದವರು ಒಂದು ಮಳೆಗಾಲ ನಮ್ಮ ಕಡೆ ಬಂದು ಹೋದರೆ ಸಾಕು. ಈಗ ಹೇಳಹೊರಟಿರುವಂಥವು ವರ್ಷ ವರ್ಷವೂ ಆಗುತ್ತಿರುತ್ತವೆ. ಮೊದಲು ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ.

ಗೆರೆ

ರೈಲು ಹಳಿಯ ಕೆಳಗೆ ಒಂದು ಅಂಡರ್‌ಪಾಸು. ಈಚೆ ಊರು, ಆಚೆ ಡೇರಿ. ಮಳೆ ಬಂದರೆ ನಡುವೆ ಸೊಂಟದವರೆಗೆ ನೀರು. ಎರಡು ಹಸು ನಂಬಿಕೊಂಡು ಬದುಕುವ ಹಾಲಿನ ಅಕ್ಕ ಒಬ್ಬರು ನಮ್ಮಲ್ಲಿ ಅರ್ಜಿ ಕೊಟ್ಟರು. ಏಳೂವರೆಯೊಳಗೆ ಮುಟ್ಟದಿದ್ದರೆ ಡೇರಿಯವರು ಹಾಲು ಹಾಕಿಸಿಕೊಳ್ಳುವುದಿಲ್ಲ, ಸುತ್ತಿ ಹೋದರೆ ಹೊತ್ತು ಮೀರುತ್ತದೆ, ದಯವಿಟ್ಟು ನೀರು ತೆಗೆಸಿ ಎಂದು.

ಜಂಟಿ ತನಿಖೆ ನಡೆಯಿತು, ಕಡತ ಹಿಡಿದು ನಾನೂ ಹೋಗಿದ್ದೆ. ಕೇಂದ್ರದ ಕಡೆಯಿಂದ ಬಂದ ರೈಲಿನ ಎಂಜಿನಿಯರು, "ಮೇಲಿನ ಹಳಿ ನಮ್ದು, ಕೆಳಗಿನ ರಸ್ತೆ ನಿಮ್ದು" ಎಂದರು. ರಾಜ್ಯದ ಕಡೆಯ ನಮ್ಮ ಸಾಹೇಬರು, "ರಸ್ತೆ ನಮ್ದೇ ಸಾರ್. ಆದ್ರೆ ನೀರು ನಿಂತಿರೋದು ನೀವು ಕಟ್ಟಿರೋ ಗೋಡೆಗಳ ಮಧ್ಯೆ" ಎಂದರು. ಊಟದ ಹೊತ್ತಿಗೆ ರಾಜಿಯಾಯಿತು. ಗೋಡೆಯ ನಟ್ಟನಡುವೆ ಕೆಂಪು ಬಣ್ಣದ ಗೆರೆ ಎಳೆಸಿದರು. ಗೆರೆಯ ಈಚೆ ರಾಜ್ಯ, ಆಚೆ ಕೇಂದ್ರ.

ಅಕ್ಕ ಗೆರೆಯನ್ನೇ ನೋಡುತ್ತ ನನ್ನನ್ನು ಕೇಳಿದರು: "ಸರೇ ಸಾಮಿ, ಇದನ್ನ ನೀರಿಗೆ ಯಾರು ಹೇಳ್ತಾರೆ?"

ನಮ್ಮ ಪಾಲಿನ ಪಂಪು

ಕಚೇರಿಯಿಂದ ಪಂಪು ಹೋಯಿತು. ಆದೇಶದಲ್ಲಿ 'ನಮ್ಮ ವ್ಯಾಪ್ತಿಯ ನೀರನ್ನು ಮಾತ್ರ' ಎಂದು ಬರೆದವನು ನಾನೇ. ಸಾಹೇಬರು ಹೇಳಿದ್ದನ್ನು ಬರೆಯುವುದಕ್ಕೇ ನನಗೆ ಸಂಬಳ. ಪಂಪಿನವನು ನಿಯತ್ತಿನ ಮನುಷ್ಯ, ಗೆರೆಯ ಈಚೆ ಪೈಪು ಇಳಿಸಿದ. ಎತ್ತಿದ ನೀರನ್ನು ಎಲ್ಲಿ ಬಿಡಬೇಕೆಂದು ಆದೇಶದಲ್ಲಿ ಇರಲಿಲ್ಲ. ಗೆರೆಯ ಆಚೆಗೆ ಬಿಟ್ಟ. ಬೆಳಗಿನಿಂದ ಸಂಜೆತನಕ ಪಂಪು ಓಡಿತು, ನೀರು ಒಂದಿಂಚೂ ಇಳಿಯಲಿಲ್ಲ.

"ಏನಪ್ಪಾ ಇದು?" ಎಂದೆ.

"ನಮ್ ನೀರು ಬೆಳಿಗ್ಗೇನೇ ಖಾಲಿ ಆಯ್ತು ಸಾರ್. ಈಗ ನಿಂತಿರೋದೆಲ್ಲ ಸೆಂಟ್ರಲ್ ಗೌರ್ಮೆಂಟ್‌ದು."

ಫಲಕ

ಕೊನೆಗೆ ಎರಡೂ ಸರ್ಕಾರ ಸೇರಿ ಖಾಯಂ ಪಂಪ್‌ಹೌಸ್ ಮಂಜೂರು ಮಾಡಿದವು. ಪಂಪಿಗೆ ಮುಂಚೆ ಫಲಕ ಬಂತು. ಯಾವ ಮಂತ್ರಿಯ ಫೋಟೊ ಎಡಕ್ಕೆ, ಯಾರದು ಬಲಕ್ಕೆ, ಯಾರದು ಎಷ್ಟು ದೊಡ್ಡದು ಎಂದು ಮೂರು ಸಲ ಬರೆಸಿದರು. ಪಂಪು ಇವತ್ತಿಗೂ ಬಂದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಗಂಡ ಹೆಂಡಿರಿಬ್ಬರೂ ಫೋಟೊಗೆ ಮಾತ್ರ ಕೂಸನ್ನು ಎತ್ತಿಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಅದೇ ಫಲಕದ ಬುಡದಲ್ಲಿ ಅಕ್ಕ ಕ್ಯಾನು ಬಗ್ಗಿಸಿ, ಡೇರಿಗೆ ಮುಟ್ಟಿಸಲಾಗದೆ ಒಡೆದ ಹಾಲು ಚೆಲ್ಲುತ್ತಿದ್ದರು. ಫಲಕ ಹಾಕಿಸಿದವರನ್ನು ನಾನು ಬೈದೆ. ಅಕ್ಕನೇ ನನಗೆ ಸಮಾಧಾನ ಹೇಳಿದರು: "ಬೋರ್ಡಾದ್ರೂ ಎತ್ತರಕ್ಕೆ ಹಾಕವ್ರೆ ಬಿಡಿ ಸಾಮಿ. ಪಾಪ, ಅವ್ರಿಗೆ ನೀರು ತಾಕಲ್ಲ."

ವಿಲೇವಾರಿ

ತಡೆಯಲಾರದೆ, ಅಕ್ಕನ ಹೆಸರಿನಲ್ಲಿ ನಾನೇ ಗುಟ್ಟಾಗಿ ದೆಹಲಿಗೆ ಅರ್ಜಿ ಬರೆದು ಕಳಿಸಿದೆ. ದೆಹಲಿಯವರು ಬೆಂಗಳೂರಿಗೆ, ಬೆಂಗಳೂರಿನವರು ಕೋಲಾರಕ್ಕೆ, ಕೋಲಾರದವರು ನಮ್ಮ ಕಚೇರಿಗೆ 'ಸೂಕ್ತ ಕ್ರಮಕ್ಕಾಗಿ' ಕಳಿಸಿದರು. ಸಾಹೇಬರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಯಾರೋ ಚೆನ್ನಾಗಿ ಬರ್ದವ್ರೆ ಕಣ್ರೀ. ಆಯಮ್ಮನ ಹೇಳಿಕೆ ತಗೊಂಡು ವಿಲೇವಾರಿ ಮಾಡಿಬಿಡಿ" ಎಂದರು.

ಹೋದೆ. ಅಕ್ಕನ ಮನೆಯ ಕೊಟ್ಟಿಗೆಯಲ್ಲಿ ಸೌದೆ ಒಟ್ಟಿತ್ತು.

"ಹಸು ಎಲ್ಲಕ್ಕಾ?"

"ಮಾರ್ಬಿಟ್ಟೆ ಸಾಮಿ. ಚೆಲ್ಲೋಕೆ ಅಂತ ಎಷ್ಟು ದಿನ ಕರೀಲಿ? ಈಗ ಇಟ್ಟಿಗೆ ಗೂಡಿಗೆ ಹೋಗ್ತೀನಿ. ಅದು ಈಚೇನೇ ಐತೆ."

ಅಲ್ಲೇ ಜಗಲಿಯ ಮೇಲೆ ಕೂತು ಬರೆದೆ: 'ಅರ್ಜಿದಾರರಿಗೆ ಈಗ ಅಂಡರ್‌ಪಾಸ್ ದಾಟುವ ಅಗತ್ಯ ಇಲ್ಲದಿರುವುದರಿಂದ ಅವರ ತೊಂದರೆ ನಿವಾರಣೆಯಾಗಿರುತ್ತದೆ.' ಎಷ್ಟೋ ವರ್ಷ ಇಂಥವನ್ನೇ ಬರೆದ ಕೈ, ತಾನಾಗಿ ಬರೆದುಬಿಟ್ಟಿತು. ಅಕ್ಕ ಹೆಬ್ಬೆಟ್ಟು ಒತ್ತಿದರು.

ಆಮೇಲೆ ಒಂದೇ ವಾರದಲ್ಲಿ ಎರಡು ಪತ್ರ ಬಂದವು, ಒಂದು ಬೆಂಗಳೂರಿನಿಂದ, ಒಂದು ದೆಹಲಿಯಿಂದ. ಆಕೆಯ ತೊಂದರೆ ಬಗೆಹರಿಸಿದ್ದು ತಾನೇ ಎಂದು ಎರಡು ಸರ್ಕಾರಗಳೂ ಬರೆದುಕೊಂಡಿದ್ದವು.