ನಾನು ಪಾಸು ಮಾಡಿದ ಹಾಡುಗಳು

“ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಆಫೀಸಿನಲ್ಲಿ ಆರು ತಿಂಗಳು ನಿಲ್ಲುವುದಿಲ್ಲ” ಎಂದವರು ನನ್ನ ಸೋದರಮಾವ. ಖಾಸಗಿ ಎಫ್‌ಎಂ ಕೊಚ್ಚಿಗೆ ಬಂದ ಹೊಸತು. ಕಾಸರಗೋಡಿನ ಈ ಹೆಂಗಸು ಐದು ಭಾಷೆ ಓದುತ್ತಾಳೆ, ಅದೂ ತಾನೇ ಕಲಿತು, ಎಂದು ತಿಳಿದು ಒಂದು ಸ್ಟೇಷನ್ನಿನವರು ನನಗೆ ಕೆಲಸ ಕೊಟ್ಟಿದ್ದರು: ಪಾಪ್ ಹಾಡುಗಳನ್ನು ಮೊದಲೇ ಕೇಳಿ ಅಶ್ಲೀಲ ಸಾಲು ಹಿಡಿಯುವುದು. ಆರು ತಿಂಗಳು ನೋಡುತ್ತಾರೆ, ಆಮೇಲೆ ಖಾಯಂ. ಹಾಡು ಇದ್ದಲ್ಲಿ ತಕರಾರು ಇದ್ದೇ ಇರುತ್ತದೆ; ನನ್ನ ಪಾಲಿಗೆ ಬಂದವು ಇವು.

ಬೆಳಗಿನ ಸ್ತೋತ್ರ

ಮೊದಲ ವಾರ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೂತೆ. ತುಟಿ, ಸೊಂಟ, ಸೆರಗು ಕಂಡಲ್ಲೆಲ್ಲ ಕೆಂಪು ಗೆರೆ. ಶನಿವಾರ ಮ್ಯಾನೇಜರ್ ಓಡಿ ಬಂದರು; ಅಕ್ಕ ಎನ್ನಲು ಅಲ್ಲಿ ಚೇಚಿ.

“ಚೇಚೀ, ಪಾಪ್ ಹಾಡು ಹೋಗಲಿ. ಬೆಳಗಿನ ದೇವಿ ಸ್ತೋತ್ರ ಯಾಕೆ ಹೊಡೆದು ಹಾಕಿದಿರಿ?”

“ಸಂಸ್ಕೃತದಲ್ಲಿದೆ ಅಂತ ಬಿಡಲಾ ಸಾರ್? ಮೂರನೇ ಶ್ಲೋಕದ ಅರ್ಥ ಹೇಳಲಾ?”

ಅವರು ಎರಡೂ ಕಿವಿ ಮುಚ್ಚಿಕೊಂಡರು. “ಬೇಡ, ಬೇಡ. ನಮ್ಮಮ್ಮ ದಿನಾ ಹೇಳುತ್ತಾರೆ ಅದನ್ನು!”

ಪೀಂ

ಹಾಡನ್ನೇ ಕೊಲ್ಲಬೇಡಿ, ಬೇಡದ ಮಾತಿನ ಮೇಲೆ ‘ಪೀಂ’ ಎಂಬ ಸದ್ದು ಹಾಕಿಸಿ ಎಂದರು. ಹಾಕಿಸಿದೆ. ಮರುದಿನ ಮಟ್ಟಾಂಚೇರಿಯಿಂದ ಒಬ್ಬ ಅಜ್ಜಿಯ ಫೋನು, ಮಗಳೇ ಎಂದೇ ಶುರು.

“ಮೋಳೇ, ಆ ಪೀಂ ಇದ್ದಲ್ಲಿ ಏನು ಮಾತು? ಮನೆಯಲ್ಲಿ ಜಗಳವಾಗಿದೆ. ಮಗ ಒಂದು ಹೇಳುತ್ತಾನೆ, ಸೊಸೆ ಇನ್ನೊಂದು. ನಾನು ಹೇಳಿದ್ದಕ್ಕೆ ಇಬ್ಬರೂ ಎದ್ದು ಹೋದರು.”

“ನೀವೇನು ಹೇಳಿದಿರಿ, ಅಮ್ಮಚ್ಚೀ?”

ಹೇಳಿದರು. ಇಷ್ಟು ಓದಿದ ನನಗೂ ಆ ಮಾತು ಹೊಸತು! ಅಸಲಿಗೆ ಅಲ್ಲಿದ್ದದ್ದು ಒಂದು ಟೂತ್‌ಪೇಸ್ಟಿನ ಹೆಸರು. ಬಿಟ್ಟಿ ಜಾಹೀರಾತಾಗದಿರಲಿ ಎಂದು ಮುಚ್ಚಿದ್ದೆ.

ಹನ್ನೊಂದು ಪುಟದ ದೂರು

ಅಲ್ಲಿಗೆ ಪೀಂ ನಿಂತಿತು. ಇನ್ನು ಹಾಡು ಪಾಸು, ಇಲ್ಲವೇ ಫೇಲು. ಐದನೇ ತಿಂಗಳಲ್ಲಿ, ನಾನು ಪಾಸು ಮಾಡಿದ, ದಿನಾ ಸಂಜೆ ಆರಕ್ಕೆ ಹೋಗುತ್ತಿದ್ದ ಒಂದು ಪ್ರೇಮದ ಹಾಡಿನ ಮೇಲೆ, ನಮ್ಮದೇ ಇನ್ನೊಂದು ಸ್ಟೇಷನ್ ಇದ್ದ ತಿರುವನಂತಪುರದಿಂದ ಹನ್ನೊಂದು ಪುಟದ ದೂರು ಬಂತು. ನಿಲ್ಲಿಸದಿದ್ದರೆ ಕೋರ್ಟಂತೆ. ಬರೆದವರು ಸರ್ಕಾರದ ಕಾನೂನು ಇಲಾಖೆಯಿಂದ ನಿವೃತ್ತರಾದವರು, ನಮ್ಮ ಕಾಸರಗೋಡಿನ ಕನ್ನಡದವರೇ.

“ನೀವೇ ಹೋಗಿ, ಚೇಚೀ. ಕೇಸಾದರೆ ಖಾಯಂ ಮಾತು ಮರೆತುಬಿಡಿ” ಎಂದರು ಮ್ಯಾನೇಜರ್. ರೈಲು ಹತ್ತಿದೆ.

ಹಿರಿಯರು ಗಂಭೀರವಾಗಿ ಕೂರಿಸಿದರು. “ಯಾವ ಸಾಲು ಕೆಟ್ಟದ್ದು, ಹೇಳಿ ಸಾರ್” ಎಂದೆ.

“ಓದಿದ್ರೆ ಗೊತ್ತಾಗ್ಲಿಕ್ಕಿಲ್ಲ ಮಗಳೇ. ಕೆಟ್ಟದ್ದು ಧಾಟಿಯಲ್ಲೇ ಉಂಟು” ಎಂದು ಮೇಜು ಬಡಿಯುತ್ತಾ ಹಾಡತೊಡಗಿದರು. ಪಲ್ಲವಿ, ಚರಣ, ನಡುವೆ ಬರುವ ಗಿಟಾರು ಸಮೇತ.

ಒಳಗಿನಿಂದ ಹೆಂಡತಿಯ ದನಿ: “ಎರಡನೇ ಚರಣ ಹಾರಿಸಿದ್ರಿ ನೀವು!”

“ಇಷ್ಟು ಚಂದ ಹಾಡ್ತೀರಿ. ನಿಲ್ಲಿಸಲೇಬೇಕಾ ಸಾರ್?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಸಂಜೆ ಆರಕ್ಕೆ ಮಾತ್ರ ಬೇಡ. ಆಗ ನಾನು ಸಂಧ್ಯಾವಂದನೆಗೆ ಕೂತಿರ್ತೇನೆ, ಸರಿಯಾಗಿ ಕೇಳ್ಲಿಕ್ಕೆ ಆಗುದಿಲ್ಲ. ನಾಲ್ಕೂವರೆಗೆ ಹಾಕು. ದೂರು ಈಗಲೇ ಹಿಂದೆ ತಗೊಳ್ತೇನೆ.”

ಹಾಡು ನಾಲ್ಕೂವರೆಗೆ ಹೋಯಿತು, ನಾನು ಖಾಯಂ ಆದೆ. ಈಗ ಕೊಚ್ಚಿಯ ಕಾಕ್ಕನಾಡಿನಲ್ಲಿ ಎರಡು ಕೋಣೆಯ ಸ್ವಂತ ಫ್ಲ್ಯಾಟು ಇದೆ, ಗೋಡೆ ತುಂಬ ಪುಸ್ತಕಗಳಿವೆ. ಇದಕ್ಕೆಲ್ಲ ತೆತ್ತದ್ದು, ಒಂದು ಹಾಡನ್ನು ಸುಮ್ಮನೆ ಕೂತು ಕೇಳುವ ಸುಖ. ಮೊನ್ನೆ ತಂಗಿಯ ಮಗಳ ಮದುವೆಯಲ್ಲಿ ಹೆಂಗಸರು ಶೋಭಾನೆ ಎತ್ತಿಕೊಂಡರು. ತುಂಬಿದ ಮಂಟಪದಲ್ಲಿ ನಾನು, “ಕೊನೇ ಸಾಲು ತೆಗೀರಿ” ಎಂದುಬಿಟ್ಟೆ.